ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳೋದೂ ಡ್ಯೂಟಿನೇ

ಹೋದ ಸಂಚಿಕೇಲಿ ಮನೋರೋಗ ವಾರ್ಡಿನ ನರ್ಸಿಂಗ್ ಬಗ್ಗೆ ನಾಲ್ಕು ಸಾಲು ಬರ್ದಿದ್ದೆ, ಅದಕ್ಕೆ ಈ ಸಲ ಬಂದಿರೋ ಪ್ರಶ್ನೆ ನೋಡಿ ಸಂಪಾದಕರೇ ಗಾಬರಿ ಆಗಿದಾರೆ. 31 ವರ್ಷ ಈ ವಾರ್ಡುಗಳಲ್ಲೇ ಓಡಾಡಿ ರಿಟೈರ್ ಆದೋಳು ನಾನು, ಗೊತ್ತಿದ್ದಷ್ಟು ಹೇಳ್ತೀನಿ. ಮಾತ್ರೆ ಎಷ್ಟು ಎಂಜಿ ಜಾಸ್ತಿ ಮಾಡ್ಲಿ ಕಮ್ಮಿ ಮಾಡ್ಲಿ ಅಂತ ಕೇಳಿದೋರು ದಯವಿಟ್ಟು ನಿಮ್ಮ ಡಾಕ್ಟರ್ ಹತ್ರ ಹೋಗಿ, ಅದು ನನ್ನ ಕೆಲಸ ಅಲ್ಲ.

ಸಿಸ್ಟರ್ ರೀ, ನಾ ಬಿಎಸ್ಸಿ ನರ್ಸಿಂಗ್ ಓದಾಕತ್ತೀನಿ. ಬರೋ ತಿಂಗಳ ಧಾರವಾಡದಾಗ ಸೈಕಿಯಾಟ್ರಿ ಪೋಸ್ಟಿಂಗ್ ಐತಿ. ಸರ್ಜರಿ ವಾರ್ಡಿನಾಗ ಡ್ರೆಸ್ಸಿಂಗ್ ಇರ್ತೈತಿ, ಇಂಜೆಕ್ಷನ್ ಇರ್ತೈತಿ, ಅಲ್ಲಿ ಹೋಗಿ ಏನ್ ಮಾಡೋದ್ರಿ? ಸೀನಿಯರ್ಸ್ ಕೇಳಿದ್ರ 'ಸುಮ್ನ ಕುಂತು ಮಾತಾಡ್ಸಿ ಬರೋದು ಅಷ್ಟ' ಅಂತಾರ. ಖರೇ ಹೇಳ್ಬೇಕಂದ್ರ ಅಂಜಿಕಿನೂ ಆಗಾಕತ್ತೈತಿ.
— ವಿದ್ಯಾರ್ಥಿನಿ, ಹುಬ್ಬಳ್ಳಿ

ಅಂಜಿಕೆ ಆಗ್ತಿದೆ ಅಂತ ಬಾಯ್ಬಿಟ್ಟು ಹೇಳಿದ್ಯಲ್ಲ ತಂಗಿ, ಒಳ್ಳೇದಾಯ್ತು, ಭಯನೇ ಇಲ್ಲ ಅನ್ನೋ ಸ್ಟೂಡೆಂಟ್ಸ್ ಕಂಡ್ರೆ ನಂಗೆ ಭಯ. ನಿನ್ನ ಸೀನಿಯರ್ಸ್ ಹೇಳಿದ್ದು ಅರ್ಧ ಸರಿ. ಕೂತು ಮಾತಾಡ್ಸೋದೇ ಕೆಲಸ, ಆದ್ರೆ 'ಅಷ್ಟೇ' ಅನ್ನೋ ಮಾತಿದೆಯಲ್ಲ ಅದು ತಪ್ಪು.

ಸರ್ಜರಿ ವಾರ್ಡಲ್ಲಿ ನೀನು ಗಾಯ ನೋಡ್ತೀಯ, ಕೀವು ಇದೆಯಾ, ಕೆಂಪಾಗಿದೆಯಾ, ವಾಸನೆ ಇದೆಯಾ ಅಂತ. ಇಲ್ಲಿ ಮನುಷ್ಯನ್ನೇ ಹಾಗೆ ನೋಡ್ಬೇಕು. ತಲೆ ಬಾಚಿದಾರಾ, ಸ್ನಾನ ಆಗಿದೆಯಾ, ಸೆಖೇಲಿ ಸ್ವೆಟರ್ ಹಾಕಿದಾರಾ, ಮಾತು ಓಡ್ತಿದೆಯಾ ಎಳೀತಿದೆಯಾ, ಯಾರೂ ಇಲ್ದೇ ಇರೋ ಕಡೆ ತಿರುಗಿ ತುಟಿ ಅಲ್ಲಾಡಿಸ್ತಾರಾ, ಇವತ್ತು ಯಾವ ವಾರ ಅಂತ ಗೊತ್ತಾ, ತನಗೆ ಕಾಯಿಲೆ ಇದೆ ಅನ್ನೋ ಅರಿವು ಇದೆಯಾ. ಪುಸ್ತಕದಲ್ಲಿ ಇದನ್ನ ಮೆಂಟಲ್ ಸ್ಟೇಟಸ್ ಎಕ್ಸಾಮಿನೇಷನ್ ಅಂತ ಪಟ್ಟಿ ಮಾಡಿ ಕೊಟ್ಟಿರ್ತಾರೆ, ಪೇಷೆಂಟ್ ಮುಂದೆ ಆ ಪಟ್ಟಿ ಹಿಡ್ಕೊಂಡು ಕೂತ್ಬಿಡ್ಬೇಡ ಮತ್ತೆ, ಪೊಲೀಸ್ ಸ್ಟೇಷನ್ ಥರ ಆಗುತ್ತೆ. ಡಾಕ್ಟರ್ ರೌಂಡ್ಸಿಗೆ ಬಂದು ಹತ್ತು ನಿಮಿಷ ನೋಡಿ ಹೋಗ್ತಾರೆ, ಉಳಿದ ಹೊತ್ತೆಲ್ಲ ನೋಡ್ತಿರೋದು ನರ್ಸು. ರಾತ್ರಿ ಎಷ್ಟು ಹೊತ್ತಿಗೆ ಎದ್ರು, ಊಟ ಎಷ್ಟು ಬಿಟ್ರು ಅಂತ ನೀನು ಬರೆದ ಒಂದು ಸಾಲಿನ ಮೇಲೆ ಔಷಧಿನೇ ಬದಲಾಗುತ್ತೆ. ಅದಕ್ಕೇ ನೋಟ್ಸಲ್ಲಿ 'ಪೇಷೆಂಟ್ ಅಗ್ರೆಸಿವ್' ಅಂತ ಬರೀಬೇಡ. 'ಬೆಳಗ್ಗೆ 7ಕ್ಕೆ ತಟ್ಟೆ ಎಸೆದ್ರು, ಇದ್ರಲ್ಲಿ ವಿಷ ಇದೆ ಅಂದ್ರು' ಅಂತ ಕಂಡಿದ್ದು ಕೇಳಿದ್ದು ಬರಿ.

ನನ್ನ ಮೊದಲನೇ ವಾರ್ಡಲ್ಲಿ ಒಬ್ರು ಅಜ್ಜಿ ಇದ್ರು, ಮೂಲೆ ಮಂಚ, ಗೋಡೆ ಕಡೆ ಮುಖ, ಯಾರ ಹತ್ರನೂ ಮಾತಿಲ್ಲ. ಇನ್‌ಚಾರ್ಜ್ ಸಿಸ್ಟರ್ ನಂಗೆ 'ದಿನಾ ಹತ್ತು ಗಂಟೆಗೆ ಹೋಗಿ ಹತ್ತು ನಿಮಿಷ ಕೂತು ಬಾ, ಅವ್ರು ಮಾತಾಡ್ದಿದ್ರೂ ಪರ್ವಾಗಿಲ್ಲ' ಅಂದ್ರು. ಆರು ದಿನ ಕೂತೆ ಎದ್ದೆ ಕೂತೆ ಎದ್ದೆ, ಒಳಗೊಳಗೇ ಸಿಟ್ಟು, ಡಿಗ್ರಿ ಮಾಡಿ ಬಂದು ಇದೇನು ಕೆಲಸ ಅಂತ. ಏಳನೇ ದಿನ ಡ್ರೆಸ್ಸಿಂಗ್ ಟ್ರಾಲಿ ತಳ್ತಾ ಹತ್ತೂವರೆ ಆಗೋಯ್ತು, ಹೋಗಿ ಕೂತ್ರೆ ಅಜ್ಜಿ ಗೋಡೆ ಕಡೆನೇ ನೋಡ್ತಾ 'ಇವತ್ಯಾಕೆ ಲೇಟು' ಅಂದ್ರು. ಹೊತ್ತಿಗೆ ಸರಿಯಾಗಿ ಹೋಗೋದು, ಹೇಳಿದ್ದು ಮಾಡೋದು, ಅಲ್ಲಿ ಅದೇ ಟ್ರೀಟ್‌ಮೆಂಟು. ಅಮೆರಿಕದ ನರ್ಸ್ ಹಿಲ್ಡೆಗಾರ್ಡ್ ಪೆಪ್ಲಾವ್ 1952ರಲ್ಲೇ ಇದನ್ನ ಸಿದ್ಧಾಂತ ಮಾಡಿ ಬರೆದ್ರು, ನರ್ಸು ಮತ್ತು ರೋಗಿ ಮಧ್ಯೆ ಇರೋ ಸಂಬಂಧನೇ ಆರೈಕೆಯ ಸಾಧನ ಅಂತ. ಪರೀಕ್ಷೆಗೆ ಅವರ ಹೆಸರು ಬಂದೇ ಬರುತ್ತೆ, ಓದ್ಕೊಂಡಿರು.

ಇನ್ನೆರಡು ಮಾತು. ನಿನ್ನ ಪೋಸ್ಟಿಂಗ್ ಯಾವತ್ತು ಮುಗಿಯುತ್ತೆ ಅಂತ ಮೊದಲನೇ ದಿನವೇ ಪೇಷೆಂಟಿಗೆ ಹೇಳ್ಬಿಡು, ಕೊನೇ ದಿನ ಸದ್ದಿಲ್ದೆ ಮಾಯ ಆಗ್ಬೇಡ, ಅವರನ್ನ ಹಾಗೆ ಬಿಟ್ಟು ಹೋದೋರು ಮೊದಲೇ ಬಹಳ ಜನ ಇರ್ತಾರೆ. ಆಮೇಲೆ 'ಯಾರಿಗೂ ಹೇಳಲ್ಲ ಅಂತ ಆಣೆ ಮಾಡು, ಒಂದು ವಿಷಯ ಹೇಳ್ತೀನಿ' ಅಂದ್ರೆ ಆಣೆ ಮಾಡ್ಬೇಡ. 'ನಿಮ್ಮ ಜೀವಕ್ಕೆ ಸಂಬಂಧಪಟ್ಟಿದ್ದಾದ್ರೆ ಟೀಮಿಗೆ ಹೇಳ್ಲೇಬೇಕಾಗುತ್ತೆ' ಅಂತ ಮುಂಚೆನೇ ಹೇಳು. ಹಾಗೆ ಹೇಳಿದ್ಮೇಲೂ ಹೆಚ್ಚಿನೋರು ಹೇಳ್ತಾರೆ, ನೋಡ್ತಿರು.

ಮೇಡಂ, ನನ್ನ ಮಗನಿಗೆ 24 ವರ್ಷ. ಎರಡು ವರ್ಷದ ಹಿಂದೆ ಸ್ಕಿಜೋಫ್ರೇನಿಯಾ ಅಂದ್ರು. ಪಕ್ಕದ ಮನೆಯೋರು ವೈಫೈಯಿಂದ ನನ್ನ ತಲೆ ಓದ್ತಾರೆ ಅಂತಾನೆ. ಮಾತ್ರೆ ಕೊಟ್ರೆ ಬಿಸಾಕ್ತಾನೆ. ಅದಕ್ಕೆ ಪುಡಿ ಮಾಡಿ ಸಾರಲ್ಲಿ ಹಾಕ್ತಿದೀನಿ, ಅವನೊಬ್ಬನಿಗೆ ಬಿಟ್ಟು ಮನೇಲಿ ಎಲ್ರಿಗೂ ಗೊತ್ತು. ತಪ್ಪಾ?
— ಒಬ್ಬ ತಾಯಿ, ತುಮಕೂರು

ಅಮ್ಮ, ನಿಮ್ಮನ್ನ ಬೈಯಲ್ಲ. ಬೇರೆ ದಾರಿ ಕಾಣದೆ ಮಾಡಿದೀರಿ, ನೀವೊಬ್ರೇ ಅಲ್ಲ. ಆದ್ರೆ ಒಂದ್ಸಲ ಹೀಗೆ ಯೋಚ್ನೆ ಮಾಡಿ. ನನಗೆ ಗೊತ್ತಿಲ್ದೆ ಎಲ್ರೂ ಸೇರಿ ಏನೋ ಮಾಡ್ತಿದಾರೆ ಅನ್ನೋದೇ ಅವನ ಕಾಯಿಲೆ. ಬಟ್ಟಲ ತಳದಲ್ಲಿ ಒಂದಿನ ಬಿಳಿ ಪುಡಿ ಕಂಡ್ರೆ ಅವನ ಅನುಮಾನಕ್ಕೆ ಸಾಕ್ಷಿ ಕೊಟ್ಟೋರು ನಾವೇ ಆಗ್ತೀವಿ, ಆಮೇಲೆ ಮಾತ್ರೆ ಬಿಡಿ ನಿಮ್ಮ ಕೈ ಊಟನೇ ಬಿಡ್ತಾನೆ. ಸಾರು ಅರ್ಧ ಬಿಟ್ರೆ ಡೋಸೂ ಅರ್ಧ. ಮಿಕ್ಕಿದ್ದನ್ನ ಮನೇಲಿ ಮಗು ತಿಂದ್ರೆ? ಕೆಲವು ಮಾತ್ರೆಗಳು ಹೊಟ್ಟೇಲಿ ನಿಧಾನಕ್ಕೆ ಕರಗೋ ಹಾಗೆ ಮಾಡಿರ್ತಾರೆ, ಅವನ್ನ ಪುಡಿ ಮಾಡ್ಲೇಬಾರ್ದು. ಡಾಕ್ಟರಿಗೆ ಈ ವಿಷಯ ಮುಚ್ಚಿಟ್ಟಿದ್ರೆ ಮೊದಲು ಹೇಳಿ, ನಾಚ್ಕೋಬೇಡಿ.

ಈಗ ಯಾಕೆ ಬಿಸಾಕ್ತಾನೆ ಅಂತ ಹುಡುಕೋಣ. 'ನಂಗೆ ಕಾಯಿಲೆನೇ ಇಲ್ಲ' ಅನ್ನೋದು ಒಂದು ಕಾರಣ, ಅದೊಂದೇ ಅಲ್ಲ. ಮಧ್ಯಾಹ್ನದವರೆಗೂ ತೂಕಡಿಕೆ, ಬಾಯಲ್ಲಿ ಜೊಲ್ಲು, ಮೈ ದಪ್ಪ ಆಗೋದು, ಕೈ ನಡುಕ, ಇಷ್ಟೂ ಆಗ್ಬೋದು. ಲೈಂಗಿಕ ತೊಂದ್ರೆಯೂ ಆಗುತ್ತೆ, ಅದನ್ನ 24ರ ಹುಡುಗ ತಾಯಿ ಹತ್ರ ಎಲ್ಲಿ ಹೇಳ್ತಾನೆ, ಡಾಕ್ಟರೋ ಮೇಲ್ ನರ್ಸೋ ಅವನೊಬ್ಬನನ್ನೇ ಕೂರಿಸ್ಕೊಂಡು ಕೇಳ್ಬೇಕು. ಇನ್ನೊಂದಿದೆ, ಮಾತ್ರೆ ಶುರುವಾದ್ಮೇಲೆ ಕೂತಲ್ಲಿ ಕೂರಕ್ಕಾಗದೆ ಅತ್ತಿಂದಿತ್ತ ಓಡಾಡ್ತಾನೇ ಇರೋದು, ಅದಕ್ಕೆ ಅಕಥೀಸಿಯಾ ಅಂತಾರೆ, ಮನೆಯೋರು ಕಾಯಿಲೆ ಜಾಸ್ತಿ ಆಯ್ತು ಅಂದ್ಕೊಂಡು ಇನ್ನೊಂದು ಮಾತ್ರೆ ಕೊಟ್ಬಿಡ್ತಾರೆ, ಆವಾಗ ಇನ್ನೂ ಜಾಸ್ತಿ ಆಗುತ್ತೆ. ಕತ್ತು ಒಂದು ಕಡೆ ತಿರುಚ್ಕೊಂಡು ಕಣ್ಣುಗುಡ್ಡೆ ಮೇಲೆ ಸಿಕ್ಕಾಕ್ಕೊಂಡ್ರೆ ದೆವ್ವ ಅಂತ ನಿಂಬೆಹಣ್ಣು ಇಳಿ ತೆಗೀಬೇಡಿ, ಅದೂ ಔಷಧಿಯ ಅಡ್ಡ ಪರಿಣಾಮವೇ, ಆಸ್ಪತ್ರೆಗೆ ಹೋದ್ರೆ ಒಂದು ಇಂಜೆಕ್ಷನ್ನಿಗೆ ಸ್ವಲ್ಪ ಹೊತ್ತಲ್ಲೇ ಬಿಡುತ್ತೆ. ಜೋರು ಜ್ವರ ಬಂದು ಮೈ ಕಟ್ಟಿಗೆ ಥರ ಸೆಟೆದ್ರೆ ಮಾತ್ರ ಒಂದು ನಿಮಿಷನೂ ಕಾಯ್ಬೇಡಿ.

ದಿನಾ ಜಗಳ ಬೇಡ ಅಂದ್ರೆ ಎರಡು ವಾರಕ್ಕೋ ತಿಂಗಳಿಗೋ ಒಂದ್ಸಲ ಕೊಡೋ ಇಂಜೆಕ್ಷನ್ ಇದೆ, ಅವನ ಮುಂದೆನೇ ಡಾಕ್ಟರ್ ಹತ್ರ ಕೇಳಿ. ವೈಫೈ ಮಾತು ಬಂದಾಗ 'ಹುಚ್ಚುಚ್ಚಾಗಿ ಆಡ್ಬೇಡ' ಅಂತ ವಾದನೂ ಬೇಡ, 'ಹೌದಪ್ಪ ಓದ್ತಾರೆ' ಅಂತ ತಾಳ ಹಾಕೋದೂ ಬೇಡ. 'ನಂಗೆ ಹಾಗನ್ಸಲ್ಲ ಮಗಾ, ಆದ್ರೆ ನಿಂಗೆ ಅಷ್ಟು ಭಯ ಇದ್ರೆ ನಿದ್ದೆ ಹೇಗೆ ಬರುತ್ತೆ ಹೇಳು' ಅನ್ನಿ. ನಿದ್ದೆ ಬೇಕು ಅಂತ ಅವನಿಗೂ ಅನ್ಸಿರುತ್ತೆ, ಕಾಯಿಲೆಗೆ ಅಂದ್ರೆ ಮುಟ್ಟದ ಮಾತ್ರೆನ ನಿದ್ದೆಗೆ ಅಂದ್ರೆ ತಗೊಂಡೋರನ್ನ ಎಷ್ಟೋ ಜನರನ್ನ ನೋಡಿದೀನಿ. ದೂರ ಹೋಗಕ್ಕಾಗಲ್ಲ ಅಂದ್ರೆ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೇಲೇ ಮನೋರೋಗದ ಕ್ಲಿನಿಕ್ ನಡೆಸ್ತಾರೆ, ವಿಚಾರಿಸಿ.

ಅಕ್ಕ, ನಮ್ಮೆಜಮಾನ್ರು ದಿನಾ ಕುಡೀತಾರೆ. ವರ್ಷಕ್ಕೊಂದ್ಸಲ ಅಯ್ಯಪ್ಪನ ಮಾಲೆ ಹಾಕ್ದಾಗ ಒಂದೇ ಏಟಿಗೆ ಬಿಡ್ತಾರೆ. ಹೋದ ವರ್ಷ ಮೂರನೇ ದಿನ ಗೋಡೆ ಮೇಲೆ ಹುಳ ಹರೀತಿದೆ ಅಂತ ಕಿರುಚಾಡಿದ್ರು, ಸತ್ತೋಗಿರೋ ಅವರಪ್ಪನ ಹತ್ರ ಮಾತಾಡಿದ್ರು. ಸ್ವಾಮಿ ಮೈಮೇಲೆ ಬಂದಿದೆ ಅಂತ ಹಿರಿಯರು ತಣ್ಣೀರು ಹುಯ್ದು ಕರ್ಪೂರ ಹಚ್ಚಿದ್ರು. ಈ ವರ್ಷನೂ ಹಾಕ್ತೀನಿ ಅಂತಿದಾರೆ.
— ಮಂಡ್ಯ ಕಡೆಯ ಓದುಗರು

ಅದು ಸ್ವಾಮಿ ಅಲ್ಲಮ್ಮ, ಡೆಲಿರಿಯಂ. ಹೋದ ವರ್ಷ ಬದುಕಿ ಬಂದಿದ್ದೇ ಪುಣ್ಯ.

ವರ್ಷಗಟ್ಟಲೆ ದಿನಾ ಕುಡಿದ ಮೆದುಳು ಆ ಮದ್ಯಕ್ಕೇ ಒಗ್ಗಿಹೋಗಿರುತ್ತೆ, ಒಂದೇ ಸಲ ನಿಲ್ಲಿಸಿದ್ರೆ ಬ್ರೇಕ್ ಕಿತ್ತೋದ ಗಾಡಿ. ಮೊದಲನೇ ದಿನ ಕೈ ನಡುಕ, ಬೆವರು, ವಾಂತಿ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರ್ಬೋದು. ಎರಡು ಮೂರು ದಿನ ಕಳೆದ್ಮೇಲೆ ನೀವು ಹೇಳಿದ ಹಾಗೆ ಹುಳ ಹಾವು ಕಾಣೋದು, ಎಲ್ಲಿದೀನಿ ಅಂತನೇ ಗೊತ್ತಾಗದೆ ಇರೋದು, ಜ್ವರ, ಎದೆ ಬಡಿತ. ಇದ್ರಲ್ಲಿ ಜೀವ ಹೋಗುತ್ತೆ. ಮಾಲೆ ಹಾಕ್ಬೇಡಿ ಅಂತ ನಾನು ಹೇಳಲ್ಲ, ಕುಡಿತ ಬಿಡೋಕೆ ಅವರಿಗೆ ಇರೋ ಒಂದೇ ಗಟ್ಟಿ ಕಾರಣ ಅದು, ಅದನ್ನ ಯಾಕೆ ಕಿತ್ಕೋಬೇಕು. ಮಾಲೆ ದಿನಕ್ಕೆ ಎರಡು ವಾರ ಮುಂಚೆ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಹೋದ ವರ್ಷ ಹೀಗಾಗಿತ್ತು ಅಂತ ಪೂರ್ತಿ ಹೇಳಿ, ಅಡ್ಮಿಟ್ ಮಾಡಿ ನಡುಕಕ್ಕೆ ಔಷಧಿ ಕೊಟ್ಟು ದಿನ ದಿನಕ್ಕೆ ಇಳಿಸ್ತಾರೆ. ಆಮೇಲೆ 41 ದಿನದ ವ್ರತ ನಿಶ್ಚಿಂತೆಯಿಂದ ಮಾಡ್ಲಿ. ಸುಸ್ತು ಅಂತ ಸೀದಾ ಊರಿನ ಕ್ಲಿನಿಕ್ಕಿಗೆ ಹೋಗಿ ಗ್ಲೂಕೋಸ್ ಬಾಟ್ಲಿ ಏರಿಸ್ಕೊಳ್ಳೋದು ಬೇಡ, ಕುಡಿಯೋರಿಗೆ ಮೊದಲು ವಿಟಮಿನ್ ಬಿ1, ಅಂದ್ರೆ ಥಯಾಮಿನ್ ಇಂಜೆಕ್ಷನ್ ಹೋಗ್ಬೇಕು, ಅದಿಲ್ದೆ ಗ್ಲೂಕೋಸ್ ಹೋದ್ರೆ ಮೆದುಳಿಗೆ ಪೆಟ್ಟು ಬೀಳೋ ಅಪಾಯ ಇದೆ.

ಇದನ್ನ ಓದ್ತಿರೋ ಆರ್ಥೋ ವಾರ್ಡಿನ ನರ್ಸುಗಳಿಗೂ ಒಂದು ಮಾತು, ಬೈಕಿಂದ ಬಿದ್ದು ಕಾಲು ಮುರ್ಕೊಂಡು ಅಡ್ಮಿಟ್ ಆದೋರು ಮೂರನೇ ರಾತ್ರಿ ಡ್ರಿಪ್ ಕಿತ್ತು ಓಡ್ತಾರಲ್ಲ, ಅವ್ರಿಗೆ ಹುಚ್ಚಲ್ಲ. ಅಡ್ಮಿಷನ್ ದಿನವೇ 'ಕೊನೇ ಸಲ ಕುಡಿದಿದ್ದು ಯಾವಾಗ' ಅಂತ ಕೇಳಿ ಬರ್ಕೊಂಡಿದ್ರೆ ಆ ರಾತ್ರಿ ಬರ್ತಾನೇ ಇರ್ಲಿಲ್ಲ. ಬಂದ್ರೆ ಡಾಕ್ಟರನ್ನ ಕರೀರಿ, ಲೈಟ್ ಆರಿಸ್ಬೇಡಿ, ಮನೆಯವರೊಬ್ಬರನ್ನ ಪಕ್ಕ ಕೂರ್ಸಿ, ಇದು ಆಸ್ಪತ್ರೆ ಇವತ್ತು ಶುಕ್ರವಾರ ಅಂತ ಮತ್ತೆ ಮತ್ತೆ ಹೇಳ್ತಾ ಇರಿ.

ಸಿಸ್ಟರ್, ನಾನು ಪ್ರೈವೇಟ್ ಆಸ್ಪತ್ರೇಲಿ ಮೇಲ್ ನರ್ಸ್. ಗಲಾಟೆ ಪೇಷೆಂಟ್ ಬಂದ ತಕ್ಷಣ 'ಬ್ರದರ್ ಕರೀರಿ, ಕಟ್ಟಾಕ್ಲಿ' ಅಂತಾರೆ. ರಾತ್ರಿ ಸ್ಟಾಫ್ ಕಮ್ಮಿ ಅಂತ ಬೆಳಗಿನ ತನಕ ಹಾಗೇ ಬಿಡ್ತಾರೆ. ಇದು ನರ್ಸಿಂಗಾ?
— ಬೆಂಗಳೂರು

ಅಲ್ಲ. ಕಾನೂನೂ ಅದನ್ನೇ ಹೇಳುತ್ತೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಸೆಕ್ಷನ್ ತೆಗೆದು ಓದು ತಮ್ಮಾ, ಇನ್‌ಚಾರ್ಜಿಗೂ ಓದ್ಸು. ಈಗಿಂದೀಗಲೇ ಯಾರಿಗಾದ್ರೂ ಅಪಾಯ ಆಗುತ್ತೆ, ತಡೆಯೋಕೆ ಬೇರೆ ದಾರಿನೇ ಇಲ್ಲ ಅಂದಾಗ ಮಾತ್ರ ಕಟ್ಟಬಹುದು, ಅದಕ್ಕೂ ಚಿಕಿತ್ಸೆ ಕೊಡ್ತಿರೋ ಸೈಕಿಯಾಟ್ರಿಸ್ಟ್ ಒಪ್ಪಿಗೆ ಬೇಕು. ಶಿಕ್ಷೆಗೆ ಕಟ್ಟೋ ಹಾಗಿಲ್ಲ, ಸ್ಟಾಫ್ ಕಮ್ಮಿ ಅಂತಲೂ ಕಟ್ಟೋ ಹಾಗಿಲ್ಲ, ಇದು ನಾನು ಹೇಳ್ತಿರೋದಲ್ಲ, ಸೆಕ್ಷನ್ನಲ್ಲೇ ಇದೆ. ಯಾಕೆ, ಹೇಗೆ, ಎಷ್ಟು ಹೊತ್ತು ಅಂತ ತಕ್ಷಣ ಕೇಸ್ ಶೀಟಲ್ಲಿ ಬರೀಬೇಕು, ಅವರ ನಾಮನಿರ್ದೇಶಿತ ಪ್ರತಿನಿಧಿಗೆ, ಅಂದ್ರೆ ಅವರ ಪರವಾಗಿ ನಿಲ್ಲೋಕೆ ಹೆಸರಿಸಿರೋರಿಗೆ, 24 ಗಂಟೆಯೊಳಗೆ ತಿಳಿಸ್ಬೇಕು. ಒಬ್ಬರನ್ನೇ ರೂಮಲ್ಲಿ ಕೂಡಿಹಾಕೋದು, ಸರಪಳಿ ಹಾಕೋದು ಪೂರ್ತಿ ನಿಷೇಧ. 2001ರ ಆಗಸ್ಟಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನ ಇಟ್ಕೊಂಡಿದ್ದ ಒಂದು ಖಾಸಗಿ ಆಶ್ರಯಕ್ಕೆ ಬೆಂಕಿ ಬಿದ್ದಾಗ, ಸರಪಳಿ ಹಾಕಿದ್ರಿಂದ ಓಡಕ್ಕಾಗದೆ 28 ಜನ ಸುಟ್ಟು ಸತ್ರು. ಆ ಸುದ್ದಿ ಬಂದ ದಿನ ನಮ್ಮ ವಾರ್ಡಲ್ಲಿ ಯಾರೂ ಟೀ ಕುಡೀಲಿಲ್ಲ.

ಕಟ್ಟೋ ಹಂತಕ್ಕೆ ಹೋಗದ ಹಾಗೆ ನೋಡ್ಕೊಳ್ಳೋದ್ರಲ್ಲಿ ಇದೆ ನಮ್ಮ ಕಸುಬು. ನಂಗೆ ನಾಲ್ಕನೇ ವರ್ಷದಲ್ಲಿ ಒಂದು ಏಟು ಬಿದ್ದಿತ್ತು, ಕಿವಿ ಗುಯ್ ಅಂತು, ಆಮೇಲೆ ಕೂತು ಯೋಚಿಸಿದ್ರೆ ತಪ್ಪು ನಂದೇ, ಆ ಮನುಷ್ಯ ಹೊರಗೆ ಹೋಗ್ಬೇಕು ಅಂತ ನಿಂತಿದ್ರು, ನಾನು ಅವರಿಗೂ ಬಾಗಿಲಿಗೂ ಮಧ್ಯೆ ನಿಂತು ಕೈಲಿದ್ದ ಚೀಲ ಎಳೀತಿದ್ದೆ. ಬಾಗಿಲು ಅವರಿಗೂ ಕಾಣ್ಬೇಕು, ನಿಂಗೂ ಕಾಣ್ಬೇಕು, ಎರಡು ಕೈ ದೂರ ಇರು, ನೇರ ಎದುರಿಗೆ ಬೇಡ ಸ್ವಲ್ಪ ಓರೆಯಾಗಿ ನಿಲ್ಲು. ಮಾತಾಡೋದು ಒಬ್ರೇ, ಐದು ಜನ ಒಟ್ಟಿಗೆ ಸಮಾಧಾನ ಹೇಳಿದ್ರೆ ಅದೂ ಗಲಾಟೆನೇ. ದನಿ ತಗ್ಗಿಸು. ಬೇಕು ಬೇಡ ಅನ್ನೋದನ್ನ ಅವರ ಕೈಗೆ ಬಿಡು, 'ನೀರು ಬೇಕಾ ಟೀ ಬೇಕಾ, ಇಲ್ಲೇ ಕೂರ್ತೀರಾ ಹೊರಗಡೆ ಬೆಂಚಿಗೆ ಹೋಗೋಣ್ವಾ'. ಅಷ್ಟು ಹೊತ್ತಿಗೆ ಎಷ್ಟೋ ಜನ ಇಳೀತಾರೆ. ಇಳೀಲೇ ಇಲ್ಲ, ಕಟ್ಟಲೇಬೇಕಾಯ್ತು ಅಂದ್ರೆ ಬಿಟ್ಟು ಹೋಗೋ ಹಾಗಿಲ್ಲ, ಹದಿನೈದು ನಿಮಿಷಕ್ಕೊಂದ್ಸಲ ಬೆರಳು ತಣ್ಣಗಾಗಿದೆಯಾ, ನೀಲಿ ತಿರುಗಿದೆಯಾ ನೋಡು, ನೀರು ಕೊಡು, ಒಂದಕ್ಕೆ ಕೇಳು, ಯಾಕೆ ಕಟ್ಟಿದೀವಿ ಯಾವಾಗ ಬಿಚ್ತೀವಿ ಅಂತ ಹೇಳು. ಮಾರನೇ ದಿನ ಹೋಗಿ ಅದರ ಬಗ್ಗೆ ಅವ್ರ ಜೊತೆ ಮಾತಾಡು. ಇದನ್ನ ಯಾರೂ ಮಾಡಲ್ಲ.

ನಾನು ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಈಗ ತಾನೇ ಕೆಲಸಕ್ಕೆ ಸೇರಿದೀನಿ. ಡಿಪ್ರೆಶನ್ ಇರೋರ ಹತ್ರ ಸಾಯೋ ಯೋಚನೆ ಇದೆಯಾ ಅಂತ ನೇರವಾಗಿ ಕೇಳಿದ್ರೆ, ಇಲ್ಲದ ಯೋಚನೆ ನಾವೇ ತಲೆಗೆ ಹಾಕಿದ ಹಾಗಾಗಲ್ವಾ?
— ಶಿವಮೊಗ್ಗ

ಆಗಲ್ಲ. ಕೇಳಿದ್ರಿಂದ ಆ ಯೋಚನೆ ಹುಟ್ಟಲ್ಲ, ಎಷ್ಟೋ ಸಲ ಕೇಳೋರೊಬ್ರು ಸಿಕ್ಕಿದ್ರಲ್ಲ ಅಂತ ಕಣ್ಣೀರು ಹಾಕ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ಕೇಳು. ಬದುಕು ಸಾಕಪ್ಪಾ ಅನ್ಸಿದೆಯಾ? ಸಾಯ್ಬೇಕು ಅಂತ ಯೋಚನೆ ಬಂದಿದೆಯಾ? ಹೇಗೆ ಅಂತಲೂ ಯೋಚಿಸಿದೀರಾ? ಮುಂಚೆ ಯಾವತ್ತಾದ್ರೂ ಪ್ರಯತ್ನ ಮಾಡಿದ್ರಾ? 'ಅಂಥ ಯೋಚನೆ ಏನೂ ಇಲ್ಲ ತಾನೇ?' ಅಂತ ಮಾತ್ರ ಕೇಳ್ಬೇಡ, ಇಲ್ಲ ಅನ್ನೋ ಉತ್ತರ ನೀನೇ ಹೇಳ್ಕೊಟ್ಟ ಹಾಗೆ. ಕೇಳಿದ್ಮೇಲೆ 'ಮಕ್ಕಳ ಮುಖ ನೋಡಿ, ಹೀಗೆಲ್ಲ ಯೋಚಿಸ್ತಾರಾ' ಅಂತ ಬುದ್ಧಿ ಹೇಳಕ್ಕೂ ಹೋಗ್ಬೇಡ.

ಈಗ ಯಾರೂ ಹೇಳ್ಕೊಡದ ಒಂದು ವಿಷಯ. ಮಂಚದಿಂದ ಏಳಕ್ಕೂ ಆಗದೆ ಮಲಗಿದ್ದೋರು ಮಾತ್ರೆ ಶುರುವಾಗಿ ಒಂದೆರಡು ವಾರಕ್ಕೆ ಎದ್ದು ಓಡಾಡ್ತಾರೆ, ಮನೆಯೋರಿಗೆ ಖುಷಿ, ನಮಗೆ ಅವಾಗ್ಲೇ ಎಚ್ಚರ ಜಾಸ್ತಿ ಇರ್ಬೇಕು. ಮೈಗೆ ಶಕ್ತಿ ಬಂದಿರುತ್ತೆ, ಮನಸ್ಸು ಇನ್ನೂ ಅಲ್ಲೇ ಇರುತ್ತೆ. ನಿನ್ನೆವರೆಗೂ ಅಳ್ತಿದ್ದೋರು ಇವತ್ತು ಇದ್ದಕ್ಕಿದ್ದಂಗೆ ಶಾಂತ ಆಗಿ ತಮ್ಮ ವಾಚು, ಸೀರೆ ಹಂಚ್ತಾ ಕೂತ್ರೆ ಅದನ್ನ ವಾಸಿ ಆಯ್ತು ಅಂತ ಬರೀಬೇಡ, ಡಾಕ್ಟರಿಗೆ ಫೋನ್ ಮಾಡು. ಶಿಫ್ಟ್ ಬದಲಾಗೋ ಹೊತ್ತು, ಬೆಳಗಿನ ಜಾವ ನಾಲ್ಕರ ಹೊತ್ತು, ಡಿಸ್ಚಾರ್ಜ್ ಆದ ಮೊದಲ ಕೆಲವು ವಾರ, ಕಣ್ಣು ತಪ್ಪೋದು ಇಲ್ಲೇ. ಅದಕ್ಕೇ ಹ್ಯಾಂಡೋವರ್ ಆಫೀಸ್ ರೂಮಲ್ಲಿ ಕೂತು ಕೊಡ್ಬೇಡ, ಮಂಚ ಮಂಚಕ್ಕೂ ನಡ್ಕೊಂಡು ಹೋಗಿ ಮುಖ ನೋಡಿ ಕೊಡು. ಮಾತ್ರೆ ಕೊಟ್ಮೇಲೆ ನೀರು ಕುಡಿಸಿ ನಾಲಿಗೆ ಕೆಳಗೆ, ಕೆನ್ನೆ ಒಳಗೆ ನೋಡು, ಕೂಡಿಟ್ಕೊಳ್ಳೋರು ಇರ್ತಾರೆ. ಡಿಸ್ಚಾರ್ಜ್ ದಿನ ಮನೆಯವರಿಗೆ 14416 ನಂಬರ್ ಬರ್ಕೊಡು. ಸರ್ಕಾರದ ಟೆಲಿ ಮಾನಸ್, ದಿನದ 24 ಗಂಟೆನೂ ಇರುತ್ತೆ, ಫ್ರೀ, ಕನ್ನಡದಲ್ಲೇ ಮಾತಾಡ್ಬೋದು. ಈ ಉತ್ತರ ಓದ್ತಾ ತಮ್ಮ ಬಗ್ಗೆನೇ ಯೋಚಿಸ್ತಿರೋರು ಯಾರಾದ್ರೂ ಇದ್ರೆ ನಿಮಗೂ ಅದೇ ನಂಬರ್, ಪುಟ ತಿರುಗಿಸೋಕೆ ಮುಂಚೆ ಮಾಡಿ.

ಲಿಥಿಯಂ ತಗೊಳ್ತಿದೀನಿ, ಕಲಬುರಗಿ ಬಿಸಿಲು ನಿಮಗೆ ಗೊತ್ತಲ್ರೀ. ಏನಾದ್ರೂ ಎಚ್ಚರ ಬೇಕಾ?
— ಶಿಕ್ಷಕರು, ಕಲಬುರಗಿ

ಬೇಕು ಸರ್. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡೋ ಈ ಲಿಥಿಯಂ ಅಂದ್ರೆ ಒಂದು ಉಪ್ಪು, ಮೈಯಲ್ಲಿ ನೀರು, ಉಪ್ಪು ಕಮ್ಮಿ ಆದ ಹಾಗೆ ರಕ್ತದಲ್ಲಿ ಅದು ಏರುತ್ತೆ. ಬೆವರು ಹರಿಯೋ ದಿನ ನೀರು ಮಜ್ಜಿಗೆ ಚೆನ್ನಾಗಿ ಕುಡೀರಿ, ಡಯಟ್ ಅಂತ ದಿಢೀರನೆ ಉಪ್ಪು ಬಿಡ್ಬೇಡಿ, ನಿರ್ಜಲ ಉಪವಾಸ ಬೇಡ. ಮೈಕೈ ನೋವಿಗೆ ಮೆಡಿಕಲ್ ಶಾಪಲ್ಲಿ ನೀವೇ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೇಳಿ ತಗೋಬೇಡಿ. ರಕ್ತ ಪರೀಕ್ಷೆಗೆ ಹೋಗೋದು ಕೊನೇ ಮಾತ್ರೆ ಆಗಿ 12 ಗಂಟೆಗೆ, ಅಂದ್ರೆ ರಾತ್ರಿ 9ಕ್ಕೆ ತಗೊಂಡಿದ್ರೆ ಬೆಳಗ್ಗೆ 9ಕ್ಕೆ ರಕ್ತ ಕೊಟ್ಟು ಆಮೇಲೆ ಬೆಳಗಿನ ಮಾತ್ರೆ. ವಾಂತಿ ಭೇದಿ, ಕೈ ದೊಡ್ಡದಾಗಿ ನಡುಗೋದು, ಕುಡಿದೋರ ಥರ ತೂರಾಡೋದು, ನಾಲಿಗೆ ತೊದಲೋದು ಕಂಡ್ರೆ ಮಾತ್ರೆ ಚೀಟಿ ಸಮೇತ ಸೀದಾ ಆಸ್ಪತ್ರೆಗೆ.

ಅಮ್ಮನಿಗೆ ಕರೆಂಟ್ ಶಾಕ್ ಕೊಡ್ತೀವಿ ಅಂದ್ರು. ಸಿನಿಮಾದಲ್ಲಿ ನೋಡಿ ಎದೆ ಝಲ್ಲೆನ್ನುತ್ತೆ.
— ದಾವಣಗೆರೆ

ಸಿನಿಮಾ ಮರೆತುಬಿಡಿ. ಈಗ ಅರಿವಳಿಕೆ ಮತ್ತೆ ಸ್ನಾಯು ಸಡಿಲ ಆಗೋ ಔಷಧಿ ಇಲ್ದೆ ಇಸಿಟಿ, ಅಂದ್ರೆ ನೀವು ಹೇಳೋ ಕರೆಂಟ್ ಶಾಕ್, ಕೊಡೋದನ್ನ ಕಾನೂನೇ ನಿಷೇಧಿಸಿದೆ. ಅರಿವಳಿಕೆಗೆ ಹೊಟ್ಟೆ ಖಾಲಿ ಇರ್ಬೇಕು, ಅದಕ್ಕೇ ಏನೂ ತಿಂದಿಲ್ಲ ಕುಡಿದಿಲ್ಲ ತಾನೇ ಅಂತ ನೂರು ಸಲ ಕೇಳ್ತಾರೆ, ಬೇಜಾರು ಮಾಡ್ಕೋಬೇಡಿ, ಹಲ್ಲಿನ ಸೆಟ್ಟು, ಹೇರ್‌ಪಿನ್ ನೀವೇ ತೆಗೆದಿಡಿ. ಎಚ್ಚರ ಆದಾಗ ಒಂದಿಷ್ಟು ಹೊತ್ತು ಎಲ್ಲಿದೀನಿ ಅಂತ ಗೊತ್ತಾಗಲ್ಲ, ಹತ್ತಿರದ ದಿನಗಳ ಮರೆವೂ ಸ್ವಲ್ಪ ಇರ್ಬೋದು, ಆವಾಗ ಅಮ್ಮನಿಗೆ ಕಾಣೋ ಮೊದಲನೇ ಮುಖ ನಿಮ್ದಾಗಿರ್ಲಿ.

ಮಗಳು ಸೈಕಿಯಾಟ್ರಿಕ್ ನರ್ಸಿಂಗಲ್ಲಿ ಎಂಎಸ್ಸಿ ಮಾಡ್ತೀನಿ ಅಂತಾಳೆ. ಹುಚ್ಚಾಸ್ಪತ್ರೆ ನರ್ಸು ಅಂದ್ರೆ ಗಂಡು ಸಿಗುತ್ತಾ? ಬರೀ ನರ್ಸು ಅಂತ ಹೇಳಿ ಮದ್ವೆ ಮಾಡ್ಬೋದಾ?
— ಹೆಸರು ಬೇಡ, ಮೈಸೂರು

ನಮ್ಮತ್ತೆನೂ ಅದನ್ನೇ ಮಾಡಿದ್ರು ನೋಡಿ. ಮದ್ವೆ ಮನೇಲಿ ಎಲ್ರಿಗೂ 'ಸೊಸೆ ಜನರಲ್ ಆಸ್ಪತ್ರೇಲಿ ನರ್ಸು' ಅಂತ ಹೇಳಿದ್ರು, ನಾನೂ ಸುಮ್ನಿದ್ದೆ, ಇಪ್ಪತ್ತೈದು ವರ್ಷ ಅದೇ ಸುಳ್ಳು ನಡೀತು. ಎಂಬತ್ತು ದಾಟಿದ್ಮೇಲೆ ಅವರಿಗೆ ಮರೆವಿನ ಕಾಯಿಲೆ ಬಂತು, ದೀಪ ಹಚ್ಚೋ ಹೊತ್ತಾದ್ರೆ 'ಮನೆಗೆ ಹೋಗ್ಬೇಕು' ಅಂತ ಗಂಟು ಕಟ್ಕೊಂಡು ಬಾಗಿಲಲ್ಲಿ ನಿಲ್ಲೋರು, ಮಕ್ಕಳೆಲ್ಲ 'ಇದೇ ಮನೆ ಅಲ್ವೇನಮ್ಮ' ಅಂತ ಕಿರುಚೋರು, ಅವರು ಇನ್ನೂ ಜೋರಾಗಿ ಅಳೋರು. ನಾನು ಚಪ್ಪಲಿ ಹಾಕ್ಕೊಂಡು 'ಬನ್ನಿ ಅತ್ತೆ ಹೋಗೋಣ' ಅಂತ ಹೊರಡ್ತಿದ್ದೆ. ದಾರೀಲಿ ಮನೆ ಹೇಗಿತ್ತು, ಅಂಗಳದಲ್ಲಿ ಏನಿತ್ತು ಅಂತ ಕೇಳ್ತಾ ಬೀದಿ ಕೊನೆವರೆಗೂ ಹೋಗಿ ತಿರುಗಿ ಬರೋ ಅಷ್ಟೊತ್ತಿಗೆ ಸುಸ್ತಾಗಿ ತಾವೇ ಗೇಟು ತೆಗೆಯೋರು. ಎದುರು ಮನೆಯವರು ಒಂದಿನ 'ಯಾರಜ್ಜಿ ಇವ್ರು' ಅಂತ ನನ್ನ ತೋರ್ಸಿ ಕೇಳಿದ್ರೆ, ಸೊಸೆ ಅನ್ನೋದು ಮರೆತೋಗಿತ್ತು ಅವರಿಗೆ, 'ನಮ್ಮ ಸಿಸ್ಟ್ರು' ಅಂದ್ರು.